ಹಳೆಯ ಆಟಕ್ಕೆ ದನಿ ಬರದಿದ್ದರೆ
ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಬಾಗಲಕೋಟೆಯವರು ನವನಗರದ ಸೆಕ್ಟರುಗಳಲ್ಲಿ ನೆಲೆಯೂರುತ್ತಿದ್ದ ವರ್ಷಗಳಲ್ಲೇ ಡಾಸ್ ಆಟಗಳ ಕಾಲವೂ ಮುಗಿಯಿತು. ಈಗ ಅಲ್ಲಿನ ಹುಡುಗರು 1993ರ ‘ಡೂಮ್’ ಅನ್ನು, ಡಾಸ್ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ತೆರೆದು, ಚಿತ್ರ ಓಡಿದರೂ ಸದ್ದು ಬರಲಿಲ್ಲವೆಂದು ಕೈಬಿಡಬಾರದು. ಆ ಕಾಲದ ಆಟಗಳಿಗೆ ಸೌಂಡ್ ಕಾರ್ಡ್ ಯಾವುದು, ಅದರ ವಿಳಾಸವೇನು ಎಂದು ಬಹುಮಟ್ಟಿಗೆ ನಾವೇ ಹೇಳಬೇಕಿತ್ತು. ಎಲ್ಲವನ್ನೂ ಹೊಂದಿಸಿಕೊಡುವ ಅನುಕೂಲ ಡಾಸ್‌ನಲ್ಲಿ ಇರಲಿಲ್ಲ. ಡಾಸ್‌ಬಾಕ್ಸ್ ತಾನಾಗಿಯೇ ಒದಗಿಸುವುದು ಸೌಂಡ್ ಬ್ಲಾಸ್ಟರ್ 16: ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1. ಆಟದ ಫೋಲ್ಡರಿನಲ್ಲಿರುವ ಸೆಟಪ್ ಓಡಿಸಿ, ಸೌಂಡ್ ಬ್ಲಾಸ್ಟರ್ ಆರಿಸಿ, ಇವೇ ಅಂಕಿಗಳನ್ನು ಕೊಡಿ. ಡೂಮ್‌ನಲ್ಲಿ ಸಂಗೀತಕ್ಕೂ ಗುಂಡಿನ ಸದ್ದಿಗೂ ಬೇರೆ ಬೇರೆ ಆಯ್ಕೆಯಿದೆ, ಎರಡನ್ನೂ ನೋಡಿ. ಹೊಸ ಸ್ಪೀಕರಿಗೆ ದುಡ್ಡು ಹಾಕುವ ಮುನ್ನ ಇಷ್ಟನ್ನು ತಪ್ಪದೆ ಮಾಡಿ.