ಕಾಡಿನ ಕಾರು, ಕಾಟಿಪಳ್ಳದ ಹಿತ್ತಿಲು

2021ರಲ್ಲಿ ನಮ್ಮ ಜಿಲ್ಲೆಯ ಒಂದು ಸುದ್ದಿ ಊರೂರು ಸುತ್ತಿತು. ಸುಳ್ಯ ತಾಲೂಕಿನ ಕಾಡಿನಲ್ಲಿ, ಹಳೆಯ ಕಾರೊಂದನ್ನೇ ಮನೆ ಮಾಡಿಕೊಂಡು ಸುಮಾರು 17 ವರ್ಷಗಳಿಂದ ಒಬ್ಬರೇ ಇದ್ದವರ ಸುದ್ದಿ. ಕಾರಿನಲ್ಲೊಂದು ರೇಡಿಯೊ, ಓಡಾಟಕ್ಕೆ ಸೈಕಲ್. ಕಾಡಿನ ಬಳ್ಳಿಯಲ್ಲಿ ಬುಟ್ಟಿ ಹೆಣೆದು ಅಂಗಡಿಗೆ ಕೊಟ್ಟರೆ ಅಕ್ಕಿ, ಸಕ್ಕರೆ ಸಿಗುತ್ತಿತ್ತು. ಲಾಕ್‌ಡೌನ್‌ನಲ್ಲಿ ಕಾಡುಹಣ್ಣು ತಿಂದು ದಿನ ಕಳೆದರು ಎಂದೂ ಬರೆದಿದ್ದರು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: 'ಇದಪ್ಪ ನೆಮ್ಮದಿ ಅಂದರೆ!'

ಅದೇ ಸುದ್ದಿಯಲ್ಲಿ ಇನ್ನೊಂದು ವಿಷಯವೂ ಇತ್ತು. ಅವರಿಗೆ ಒಂದೂವರೆ ಎಕರೆ ಅಡಿಕೆ ತೋಟವಿತ್ತು. 40,000 ರೂಪಾಯಿ ಸಾಲ ಕಟ್ಟಲಾಗದೆ ಅದು ಹರಾಜಾಯಿತು. ಆಮೇಲೆ ಕಾರು, ಆಮೇಲೆ ಕಾಡು. ಅವರು ಕಾಡಿಗೆ ಹೋದದ್ದು ಶಾಂತಿ ಹುಡುಕಿಕೊಂಡು ಅಲ್ಲ. ಆದರೆ ಫಾರ್ವರ್ಡ್ ಆದದ್ದು ರೇಡಿಯೊ ಮತ್ತು ಬುಟ್ಟಿ, ಹರಾಜು ಅಲ್ಲ.

ನೆಲ ಹೋಗುವುದು ಅಂದರೆ ಏನೆಂದು ಕಾಟಿಪಳ್ಳದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟಲು ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳಿಗಾಗಿ ಆದ ಊರು ಇದು. 1975ರ ಜನವರಿಯಲ್ಲಿ ಬಂದರಿನ ಉದ್ಘಾಟನೆಯಾಯಿತು. ಇಲ್ಲಿ ಇವತ್ತಿಗೂ ವಿಳಾಸ ಕೇಳಿದರೆ ಮೊದಲು ಬರುವುದು ಬ್ಲಾಕ್ ನಂಬರು. ಹಾಗೆ ಬಂದವರು ಸಿಕ್ಕ ಸೈಟಿನಲ್ಲೇ ತೆಂಗು, ಹಲಸು, ನುಗ್ಗೆ ನೆಟ್ಟರು. ಹಿತ್ತಿಲಲ್ಲಿ ಬಸಳೆ ಚಪ್ಪರ ಬಂತು.

2020ರ ಮಾರ್ಚ್ 25ಕ್ಕೆ ದೇಶ ಬಂದ್ ಆದಾಗ ನಮ್ಮಲ್ಲಿ ಗುಜ್ಜೆಯ ಕಾಲ. ತಿಂಗಳ ಕೊನೆಗೆ ಜಿಲ್ಲೆಯಲ್ಲಿ ದಿನಸಿ ಅಂಗಡಿಯೂ ಬಾಗಿಲು ಹಾಕಿದ ದಿನಗಳಲ್ಲಿ ಎಷ್ಟೋ ಮನೆಗಳನ್ನು ಕಾದದ್ದು ಗುಜ್ಜೆ ಪಲ್ಯ, ಬಸಳೆ, ಹಲಸಿನ ಬೀಜ. ಮಕ್ಕಳೆಲ್ಲ ಗಲ್ಫಿನಲ್ಲಿದ್ದು ಒಬ್ಬರೇ ಇರುವ ಅಮ್ಮಂದಿರು ಆಗಲೂ ಇದ್ದರು, ಈಗಲೂ ಇದ್ದಾರೆ. 'ನನಗೇನು ತೊಂದರೆ ಆಗಲಿಲ್ಲ ಮಗಾ, ಆರಾಮಿದ್ದೆ' ಅನ್ನುತ್ತಾರೆ. ಸುಳ್ಳಲ್ಲ. ಬಾವಿಯಲ್ಲಿ ನೀರಿತ್ತು, ಹಪ್ಪಳ ಒಣಗಿಸಲು ಬಿಸಿಲಿತ್ತು. ದುಬೈಯಿಂದ ಮೊದಲ ವಿಶೇಷ ವಿಮಾನ ಮಂಗಳೂರಿಗೆ ಬಂದದ್ದೇ ಮೇ 12ಕ್ಕೆ. ಅಲ್ಲಿವರೆಗೆ ಮಗ ಇದ್ದದ್ದು ಫೋನಿನೊಳಗೆ.

ಆದರೆ ಬಿಪಿ ಮಾತ್ರೆ ತಂದುಕೊಟ್ಟವರು ಯಾರು ಅಂತ ಕೇಳಿ ನೋಡಿ. ಪಕ್ಕದ ಮನೆಯ ಹುಡುಗ. ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಕಂಪೌಂಡಿನಾಚೆಯಿಂದ ಕೂಗುವವರು ಇದ್ದರು. ಇಂಥವರಿರುವಾಗ ಒಬ್ಬರೇ ಇರುವುದು ಬೇರೆ, ಯಾರೂ ಇಲ್ಲದೆ ಒಬ್ಬರೇ ಇರುವುದು ಬೇರೆ. ಕಾಟಿಪಳ್ಳದಿಂದ ಸ್ವಲ್ಪವೇ ದೂರದ ಬೈಕಂಪಾಡಿಯ ಕಾರ್ಖಾನೆಗಳಿಗೆ ಹೊರರಾಜ್ಯದಿಂದ ದುಡಿಯಲು ಬಂದವರಿಗೆ ಹಲಸಿನ ಮರವೂ ಇಲ್ಲ, ಕೂಗುವ ನೆರೆಯವರೂ ಇಲ್ಲ. ಅದೇ ಮೇ ತಿಂಗಳಲ್ಲಿ ನೂರಾರು ವಲಸೆ ಕಾರ್ಮಿಕರು ಊರಿಗೆ ಕಳಿಸಿ ಎಂದು ಮಂಗಳೂರಿನ ರೈಲು ನಿಲ್ದಾಣದ ಮುಂದೆ ಸೇರಿದ್ದರು.

ಹಳ್ಳಿಯ ಒಂಟಿ ಬದುಕನ್ನು ಹೊಗಳುವ ವಿಡಿಯೊಗಳಿಗೆ ನಮ್ಮ ವಿರೋಧವಿಲ್ಲ. ನೋಡಲು ಚಂದ ಇರುತ್ತವೆ, ನಾವೂ ನೋಡುತ್ತೇವೆ. ಆದರೆ ಪಹಣಿ ಯಾರ ಹೆಸರಲ್ಲಿದೆ, ಅಕ್ಕಿ ಎಲ್ಲಿಂದ ಬರುತ್ತದೆ ಅಂತ ಅವು ತೋರಿಸುವುದಿಲ್ಲ. ಲಾಕ್‌ಡೌನ್‌ನಲ್ಲಿ ಕೇಂದ್ರ ಸರಕಾರ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ ಉಚಿತ ಎಂದಿತು, ಆದರೆ ಪಡಿತರ ಚೀಟಿ ಇದ್ದವರಿಗೆ. ಕಾರಿನಲ್ಲಿದ್ದವರ ಬಳಿ ಆಧಾರ್ ಕೂಡ ಇರಲಿಲ್ಲ. ಹಾಗಿದ್ದೂ ಅವರಿಗೆ ಕೊರೊನಾ ಲಸಿಕೆ ಸಿಕ್ಕಿತು, ಪಂಚಾಯತ್‌ನವರು ನೆನಪಿಟ್ಟುಕೊಂಡು ಕೊಡಿಸಿದ್ದರಿಂದ.

ಹಾಗೆ ನೆನಪಿಟ್ಟುಕೊಳ್ಳುವ ಕೆಲಸ ಎಲ್ಲ ಕಡೆ ಆಗಬೇಕು ಎಂಬುದು ನಮ್ಮ ಒತ್ತಾಯ. ಒಬ್ಬರೇ ಇರುವವರು ಯಾವ ಮನೆಯಲ್ಲಿದ್ದಾರೆ, ಯಾವ ಮಾತ್ರೆ ತಿನ್ನುತ್ತಾರೆ ಎಂದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಆ ಪಟ್ಟಿ ಪಂಚಾಯತ್‌ನಲ್ಲೂ ಇರಲಿ, ಕಾಟಿಪಳ್ಳದಂಥ ಕಡೆ ಪಾಲಿಕೆಯ ವಾರ್ಡಿನಲ್ಲೂ ಇರಲಿ. ಮುಂದಿನ ಗ್ರಾಮಸಭೆಗೆ ಹೋದಾಗ, ನಿಮ್ಮಲ್ಲಿ ಅಂಥ ಪಟ್ಟಿ ಇದೆಯಾ ಅಂತ ಎದ್ದು ನಿಂತು ಕೇಳಿ.