ತಾನಾಗಿ ಬಂದ ಸಿರಿ

ಬೆವರು ಸುರಿಸಿ ಗಳಿಸಿದ ಹಣದ ಬೆಲೆಯನ್ನು ಗಳಿಸಿದವನು ಬಲ್ಲನು. ಬಯಸದೆ, ದುಡಿಯದೆ ಕೈಸೇರಿದ ಹಣವನ್ನು ಏನು ಮಾಡಬೇಕೆಂಬುದೇ ಕಠಿಣವಾದ ಪ್ರಶ್ನೆ. ಅದನ್ನು ನಗೆಯ ಮೂಲಕ ಕೇಳಿದ ಅಮೆರಿಕದ ಚಲನಚಿತ್ರವೊಂದರ ಕೆಲವು ದೃಶ್ಯಗಳನ್ನು ಈ ತಿಂಗಳು ಓದುಗರ ಮುಂದಿಡುತ್ತಿದ್ದೇವೆ. 1936ರಲ್ಲಿ ತೆರೆಕಂಡ ಆ ಚಿತ್ರ ‘ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್’. ಅದರ ನಿರ್ದೇಶನಕ್ಕಾಗಿ ಫ್ರಾಂಕ್ ಕಾಪ್ರಾ ಅವರಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು.

ಕಥಾನಾಯಕನಾದ ಡೀಡ್ಸ್ ಒಂದು ಸಣ್ಣ ಊರಿನವನು. ಶುಭಾಶಯ ಪತ್ರಗಳಿಗೆ ಪದ್ಯ ಬರೆಯುವುದು ಅವನ ವೃತ್ತಿ; ಟ್ಯೂಬಾ ಎಂಬ ದೊಡ್ಡ ಕಹಳೆಯನ್ನು ಊದುವುದು ಅವನ ಹವ್ಯಾಸ. ಸೋದರಮಾವನು ತೀರಿಹೋಗಿ, ಎರಡು ಕೋಟಿ ಡಾಲರುಗಳ ಆಸ್ತಿ ಅವನ ಪಾಲಿಗೆ ಬಂದಿತೆಂದು ನ್ಯೂಯಾರ್ಕಿನ ವಕೀಲರು ಬಂದು ತಿಳಿಸುತ್ತಾರೆ. ತನಗೆ ಅಷ್ಟು ಹಣದ ಅಗತ್ಯವಿಲ್ಲವಲ್ಲ ಎಂದು ಅವನು ಬೆರಗಾಗುತ್ತಾನೆ!

ನಗರಕ್ಕೆ ಹೋದೊಡನೆ ಕೈಚಾಚುವವರು ಸುತ್ತುವರಿಯುತ್ತಾರೆ. ಅವನನ್ನು ಅಧ್ಯಕ್ಷನನ್ನಾಗಿ ಮಾಡಿಕೊಂಡ ಆಪೆರಾ ಮಂಡಳಿಯವರು, ತಮ್ಮ 1,80,000 ಡಾಲರುಗಳ ನಷ್ಟವನ್ನು ತುಂಬಿಕೊಡಬೇಕೆನ್ನುತ್ತಾರೆ. ಜನ ಬರುತ್ತಿಲ್ಲವೆಂದರೆ ಆಟದಲ್ಲಿಯೇ ಏನೋ ಕೊರತೆಯಿರಬೇಕೆಂದು ಅವನು ನಿರಾಕರಿಸುತ್ತಾನೆ. ಮುಗ್ಧನಾದರೂ ದಡ್ಡನಲ್ಲ.

ಆದರೂ ಸಿರಿ ಅವನನ್ನೂ ಮರೆವಿಗೆ ದೂಡುತ್ತದೆ. ಒಂದು ರಾತ್ರಿ ವಿನೋದಕ್ಕಾಗಿ ಬೀದಿಯ ಕುದುರೆಗೆ ಡೋನಟ್ ಎಂಬ ಸಿಹಿತಿಂಡಿಯನ್ನು ತಿನ್ನಿಸುತ್ತಾನೆ. ಪತ್ರಿಕೆಗಳು ಅದನ್ನು ಬರೆದು ನಗುತ್ತವೆ. ಅದು ಎಂಥ ಕಾಲ! 1929ರಲ್ಲಿ ಷೇರುಪೇಟೆ ಕುಸಿದ ಮೇಲೆ ಆರ್ಥಿಕ ಮುಗ್ಗಟ್ಟು ಬಲಿತು, 1933ರ ವೇಳೆಗೆ ಅಮೆರಿಕದ ನಾಲ್ವರು ದುಡಿಮೆಗಾರರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಹೊಲ ಕಳೆದುಕೊಂಡ ರೈತನೊಬ್ಬನು ಪಿಸ್ತೂಲು ಹಿಡಿದು ಅವನ ಮಹಲಿಗೆ ನುಗ್ಗುತ್ತಾನೆ. ಕುದುರೆಗೆ ತಿನ್ನಿಸಿದವನಿಗೆ ಹಸಿದ ಮನುಷ್ಯರ ನೆನಪಾಗಲಿಲ್ಲವೇ ಎಂದು ಕೇಳಿ, ಮರುಕ್ಷಣದಲ್ಲಿ ಕುಸಿದು ಅಳುತ್ತಾನೆ. ಡೀಡ್ಸ್ ಅವನನ್ನು ಊಟಕ್ಕೆ ಕೂರಿಸುತ್ತಾನೆ. ನೋಡುಗರ ನಗೆ ಅಲ್ಲಿ ಥಟ್ಟನೆ ನಿಲ್ಲುತ್ತದೆ.

ಅಂದಿನಿಂದ ಸಂಪತ್ತಿಗೊಂದು ದಾರಿ ತೋರುತ್ತದೆ. ನೆಲೆತಪ್ಪಿದ ಪ್ರತಿ ಕುಟುಂಬಕ್ಕೆ 10 ಎಕರೆ ಹೊಲ, ಒಂದು ಕುದುರೆ, ಒಂದು ಹಸು, ಬಿತ್ತನೆಯ ಬೀಜ. ಮೂರು ವರ್ಷ ಉತ್ತರೆ ಹೊಲ ಅವರದೇ. ಇದು ಭಿಕ್ಷೆಯಲ್ಲ, ದುಡಿಯುವ ಕೈಗೆ ದುಡಿಮೆಯನ್ನು ಮರಳಿ ಕೊಡುವ ಕ್ರಮ. ಪಡೆದವನು ತಲೆತಗ್ಗಿಸಬೇಕಾಗಿಲ್ಲ.

ಆಗ ವಕೀಲರು ಬಂಧುಗಳನ್ನು ಮುಂದಿಟ್ಟುಕೊಂಡು, ಇವನಿಗೆ ಬುದ್ಧಿಭ್ರಮಣೆಯೆಂದು ನ್ಯಾಯಾಲಯಕ್ಕೆ ಹೋಗುತ್ತಾರೆ. ಅವನ ಊರಿನ ಇಬ್ಬರು ವೃದ್ಧ ಸೋದರಿಯರು, ಇವನ ತಲೆ ಸ್ವಲ್ಪ ಕೆಟ್ಟಿದೆಯೆಂದು ಸಾಕ್ಷಿ ನುಡಿಯುತ್ತಾರೆ. ಮತ್ತೆ ಕೇಳಿದಾಗ, ತಾವಿಬ್ಬರ ಹೊರತು ಎಲ್ಲರೂ ಹಾಗೆಯೇ ಎನ್ನುತ್ತಾರೆ! ಬಹಳ ಹೊತ್ತು ಮೌನವಾಗಿದ್ದ ಡೀಡ್ಸ್ ಕೊನೆಗೆ ಎದ್ದು, ತಜ್ಞ ವೈದ್ಯರೂ ಕುಳಿತಲ್ಲೇ ಕಾಗದದ ಮೇಲೆ ಗೀಚುತ್ತಿರುವುದನ್ನು ತೋರಿಸುತ್ತಾನೆ. ವಿಚಿತ್ರ ಅಭ್ಯಾಸ ಯಾರಿಗಿಲ್ಲ? ನ್ಯಾಯಾಧೀಶರು ಅವನ ಬುದ್ಧಿ ಸ್ವಸ್ಥವೆಂದೇ ತೀರ್ಪು ನೀಡುತ್ತಾರೆ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಅವನು ಕುದುರೆಗೆ ತಿನ್ನಿಸಿದಾಗ ಯಾರೂ ನ್ಯಾಯಾಲಯದ ಮೆಟ್ಟಿಲೇರಲಿಲ್ಲ. ಮನುಷ್ಯರಿಗೆ ಅನ್ನದ ದಾರಿ ಮಾಡಹೊರಟಾಗ ಏರಿದರು. ಪೋಲು ಮಾಡಿದರೆ ವಿನೋದ, ಹಂಚಿದರೆ ಹುಚ್ಚು! ಹಿರಿಯರ ಆಸ್ತಿಯನ್ನು ಪಡೆದವರು ಪತ್ರಕ್ಕೆ ಸಹಿ ಹಾಕುವ ಮುನ್ನ, ಇದರಿಂದ ಯಾರ ಹೊಲ ಹಸಿರಾದೀತು ಎಂದು ಒಮ್ಮೆ ತಮ್ಮನ್ನೇ ಕೇಳಿಕೊಳ್ಳಲಿ.