ಗದ್ದೆಯ ಗೊಬ್ಬರ, ಬಾನಿನ ಲೆಕ್ಕ

2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿ ಗ್ರಾಮದಲ್ಲಿ ಉಪಕರಣ ಹೊತ್ತ ಬೃಹತ್ ಬಲೂನೊಂದು ಇಳಿದಾಗ ಊರವರು ಬೆಚ್ಚಿದ್ದು ಸಹಜ. ಅದು ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಹಾರಿಬಂದದ್ದು. ಇದೇ ಕೇಂದ್ರದಿಂದ 1987, 1990, 1994 ಮತ್ತು 1998ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಓಜೋನ್ ಪದರವಿರುವ ಸ್ತರಗೋಳದ ಗಾಳಿಯನ್ನೇ ಹಿಡಿದು ತಂದಿದ್ದರು.

ವಿಧಾನ ಸರಳವಾದರೂ ಸೂಕ್ಷ್ಮವಾದುದು. ಜಲಜನಕ ತುಂಬಿದ ತೆಳು ಪಾಲಿಥೀನ್ ಬಲೂನು ಮೂವತ್ತು ಕಿಲೋಮೀಟರಿಗೂ ಮೇಲೆ ಏರುತ್ತದೆ. ಅದು ಹೊತ್ತ ಉಕ್ಕಿನ ಕೊಳವೆಗಳನ್ನು ದ್ರವ ನಿಯಾನ್ ಶೂನ್ಯಕ್ಕಿಂತ ಸುಮಾರು 246 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿರುತ್ತದೆ. ಗೊತ್ತುಪಡಿಸಿದ ಎತ್ತರದಲ್ಲಿ ಒಂದೊಂದಾಗಿ ಬಾಯಿ ತೆರೆವ ಕೊಳವೆಗಳಲ್ಲಿ ಗಾಳಿ ಹೆಪ್ಪುಗಟ್ಟುತ್ತದೆ. ಪ್ಯಾರಾಚೂಟಿನಲ್ಲಿ ಇಳಿದ ಬಳಿಕ ಪ್ರಯೋಗಾಲಯದಲ್ಲಿ ಅತ್ಯಲ್ಪ ಪ್ರಮಾಣದ ಅನಿಲಗಳನ್ನೂ ಅಳೆಯಲಾಗುತ್ತದೆ.

ಈ ಶ್ರಮ ವ್ಯರ್ಥವಲ್ಲ. ಶೀತಕ ಯಂತ್ರಗಳ ಕ್ಲೋರೋಫ್ಲೋರೋಕಾರ್ಬನ್‌ಗಳು ಮೇಲೇರಿ ಒಡೆದು ಓಜೋನನ್ನು ನಾಶಮಾಡುತ್ತವೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತರ್ಕಿಸಿದರು. ಎತ್ತರ ಹೆಚ್ಚಿದಂತೆ ಆ ಅನಿಲಗಳು ಕ್ಷೀಣಿಸುವುದನ್ನು ಮರುವರ್ಷವೇ ಬಲೂನುಗಳು ತೋರಿದವು. ಇಂತಹ ಪುರಾವೆಗಳು ಕೂಡಿಬಂದುದರಿಂದಲೇ 1987ರ ಮಾಂಟ್ರಿಯಲ್ ಒಪ್ಪಂದ ಸಾಧ್ಯವಾಯಿತು.

ಆದರೆ ಇನ್ನೊಂದು ಅನಿಲದ ಲೆಕ್ಕ ಬಾಕಿಯಿದೆ. ಅದು ನೈಟ್ರಸ್ ಆಕ್ಸೈಡ್. ನೀರು ನಿಂತು ಆರುವ ಮಣ್ಣಿನಲ್ಲಿ, ಬೆಳೆ ಹೀರದೆ ಉಳಿದ ಸಾರಜನಕದಿಂದ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ನೂರು ವರ್ಷಕ್ಕೂ ಮಿಗಿಲಾಗಿ ಬಾಳುವ ಅದು ಸ್ತರಗೋಳದಲ್ಲಿ ಒಡೆಯುತ್ತದೆ. ಅದರ ಒಂದಂಶ ಓಜೋನನ್ನು ತಿನ್ನುತ್ತದೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ನೂರು ಕೋಟಿ ಭಾಗಗಳಲ್ಲಿ ಸುಮಾರು 270ರಷ್ಟಿದ್ದುದು ಈಗ 335ನ್ನು ಮೀರಿದೆ. ಇಂದು ಮನುಷ್ಯರು ಹೊರಬಿಡುತ್ತಿರುವ ಓಜೋನ್ ನಾಶಕಗಳಲ್ಲಿ ಇದೇ ಮುಖ್ಯವಾದುದೆಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಎ. ಆರ್. ರವಿಶಂಕರ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಮಾಂಟ್ರಿಯಲ್ ಒಪ್ಪಂದ ಇದನ್ನು ನಿಯಂತ್ರಿಸುವುದಿಲ್ಲ.

ಹಾಗೆಂದು ಕೃಷಿಕನನ್ನು ಅಪರಾಧಿಯಾಗಿಸುವುದು ಅನ್ಯಾಯ. ಕೊಟ್ಟಿಗೆ ಗೊಬ್ಬರವೂ ಈ ದೋಷದಿಂದ ಪೂರ್ಣ ಮುಕ್ತವಲ್ಲ; ಪ್ರಮಾಣ ಮತ್ತು ಹೊತ್ತು ಮುಖ್ಯ. ಮಲೆನಾಡಿನಲ್ಲಿ ಜಡಿಮಳೆಯ ಮುನ್ನ ಒಮ್ಮೆಗೇ ಯೂರಿಯಾ ಎರಚಿದರೆ ಬಹುಪಾಲು ಹಳ್ಳಕ್ಕೂ ಗಾಳಿಗೂ ಸಲ್ಲುತ್ತದೆ. ಮಣ್ಣು ಪರೀಕ್ಷಿಸಿ, ಕಂತುಗಳಲ್ಲಿ, ಬೆಳೆ ಬೇಡಿದಷ್ಟೇ ಕೊಟ್ಟರೆ ಹಣವೂ ಉಳಿಯುತ್ತದೆ, ಬಾನೂ ಉಳಿಯುತ್ತದೆ. ಸರ್ಕಾರದ ಕರ್ತವ್ಯವೂ ಸ್ಪಷ್ಟ: ಬಲೂನು ಮಾಪನಗಳು ನಿಯತವಾಗಿ ನಡೆಯಲಿ, ಅವುಗಳ ಫಲಿತಾಂಶ ಹಳ್ಳಿಯ ಶಾಲೆಗಳಿಗೂ ತಲುಪಲಿ. ಅಳೆಯದ ಹಾನಿಗೆ ಯಾರೂ ಹೊಣೆ ಹೊರುವುದಿಲ್ಲ.